ಬಿಚ್ಚಿದ ಎಂಜಿನ್ನಿನ ಕಾವಲು

ಆಕಾಶದಲ್ಲಿ ವಿಮಾನ ಹೋದರೆ ಜನ ತಲೆಯೆತ್ತಿ ನೋಡುತ್ತಾರೆ. ನಾನು ತಲೆ ತಗ್ಗಿಸುತ್ತೇನೆ. ನಮ್ಮ ಕೊಟ್ಟೂರಿನ ಮೇಲೆ ವಿಮಾನ ಹಾಯುವುದೇ ಅಪರೂಪ. ಹಾಯ್ದರೂ, ಮಾಳಿಗೆಯ ಮೇಲೆ ಹಪ್ಪಳ ಒಣಹಾಕಿ ಕಾಗೆ ಕಾಯುತ್ತ ಕೂತವರಿಗೆ ಅದೊಂದು ಬಿಳಿಯ ಗೀರು, ಅಷ್ಟೆ. ನನಗೆ ಮಾತ್ರ ಆ ಗೀರು ಕಂಡ ಕೂಡಲೇ ಪ್ರಶ್ನೆಗಳು ಶುರುವಾಗುತ್ತವೆ. ಇದರ ಎಂಜಿನ್ನನ್ನು ಕೊನೆಯ ಸಲ ಬಿಚ್ಚಿದ್ದು ಯಾವಾಗ? ಯಾವ ರಿಪೇರಿ ಶಾಪಿನಲ್ಲಿ? ಆ ಶಾಪಿನಲ್ಲಿ ಅಂದು ಜಾಗ ಇತ್ತೋ, ಇಲ್ಲ ಜಾಗ ಇಲ್ಲವೆಂದು ಮುಂದಕ್ಕೆ ಹಾಕಿದರೋ? ಮೇಲೆ ಕೂತವರು ಪೆಪ್ಪರಮಿಂಟು ಚೀಪುತ್ತ ಆರಾಮಾಗಿರುತ್ತಾರೆ. ಕೆಳಗೆ ಕೊಟ್ಟೂರಿನಲ್ಲಿ ನಾನು ಅವರ ಪರವಾಗಿ ಬೆವರುತ್ತಿರುತ್ತೇನೆ. ಜೀವಮಾನದಲ್ಲಿ ಒಂದು ಸಲವೂ ವಿಮಾನ ಹತ್ತದ, ಅದರ ಎಂಜಿನ್ನನ್ನು ಚಿತ್ರದಲ್ಲಿ ಬಿಟ್ಟು ಬೇರೆಲ್ಲೂ ನೋಡದ ಒಬ್ಬ ಗಣಿತದ ಲೆಕ್ಚರರಿಗೆ ಇದೆಲ್ಲ ಯಾಕೆ ಬೇಕಿತ್ತು ಎಂದು ನೀವು ಕೇಳಬಹುದು. ನನ್ನ ಹೆಂಡತಿ ಶಾಂತಾ ಬಹಳ ವರ್ಷಗಳಿಂದ ಅದನ್ನೇ ಕೇಳುತ್ತಿದ್ದಾಳೆ.

ಕಾರಣ ನನ್ನ ಎಂ.ಫಿಲ್. ತೊಂಬತ್ತರ ದಶಕದ ಕೊನೆಯ ವರ್ಷಗಳವು. ಕಾಲೇಜಿನಲ್ಲಿ ಮುಂದೆ ಉಳಿಯಬೇಕಾದರೆ ಏನಾದರೂ ಒಂದು ಸಂಶೋಧನೆ ಮಾಡಿರಬೇಕು ಎಂಬ ಗಾಳಿ ಬೀಸತೊಡಗಿತ್ತು. ದೂರದ ವಿಶ್ವವಿದ್ಯಾಲಯದಲ್ಲಿದ್ದ ನನ್ನ ಗೈಡು ಬಹಳ ಒಳ್ಳೆಯವರು, ಆದರೆ ವಿಷಯ ಕೊಡುವಾಗ ಎದುರಿಗಿರುವವನ ಊರು ಯಾವುದು ಎಂದು ನೋಡುವವರಲ್ಲ. ಪರದೇಶದ ಯಾವುದೋ ಪತ್ರಿಕೆಯನ್ನು ಮುಂದೆ ಹಿಡಿದುಕೊಂಡು, "ವಿಮಾನದ ಎಂಜಿನ್ನುಗಳ ಮೇಂಟೆನೆನ್ಸ್ ತಗೊಳ್ಳಿ. ನಮ್ಮ ಕಡೆ ಯಾರೂ ಮುಟ್ಟಿಲ್ಲ" ಎಂದರು. ನಮ್ಮ ಕಡೆ ಯಾರೂ ಮುಟ್ಟದೆ ಇರುವುದಕ್ಕೆ ನಮ್ಮ ಕಡೆ ವಿಮಾನವೇ ಇಲ್ಲದಿರುವುದು ಕಾರಣವಿರಬಹುದು ಎಂದು ಹೇಳುವ ಧೈರ್ಯ ನನಗಾಗಲಿಲ್ಲ. ವಿಷಯ ಕೇಳುವುದಕ್ಕೆ ಸರಳ. ಬಹಳ ಎಂಜಿನ್ನುಗಳಿವೆ, ರಿಪೇರಿ ಶಾಪುಗಳು ಕೆಲವೇ. ಇಷ್ಟು ಗಂಟೆ ಓಡಿದ ಮೇಲೆ ಎಂಜಿನ್ನನ್ನು ಇಳಿಸಿ ಬಿಚ್ಚಲೇಬೇಕು. ಎಂಜಿನ್ನು ಇಳಿದ ವಿಮಾನ ಸುಮ್ಮನೆ ನಿಲ್ಲಬಾರದು, ಅದಕ್ಕೆ ಒಂದು ಸ್ಪೇರ್ ಎಂಜಿನ್ನು ಏರಿಸಿ ಕಳಿಸಬೇಕು. ಇಳಿಸಿದ್ದನ್ನು ಯಾವ ಶಾಪಿಗೆ, ಯಾವಾಗ ಕಳಿಸಿದರೆ ಒಟ್ಟು ನಷ್ಟ ಕಡಿಮೆ? ಇಷ್ಟನ್ನು ಸಮೀಕರಣದಲ್ಲಿ ಬರೆದು ಕಂಪ್ಯೂಟರಿಗೆ ಕೊಟ್ಟರೆ ಅದು ಕೂಡಿ ಕಳೆದು ಎಲ್ಲಕ್ಕಿಂತ ಒಳ್ಳೆಯ ಏರ್ಪಾಡು ಯಾವುದು ಎಂದು ಹೇಳುತ್ತದೆ. ನಮ್ಮ ಕಾಲೇಜಿನ ಒಂದೇ ಒಂದು ಕಂಪ್ಯೂಟರು ಪ್ರಿನ್ಸಿಪಾಲರ ಕೋಣೆಯಲ್ಲಿ ಹೂವಿನ ಕಸೂತಿಯ ಬಟ್ಟೆ ಹೊದ್ದುಕೊಂಡು ಕೂತಿತ್ತು. ಚಪ್ಪಲಿ ಬಿಟ್ಟು ಒಳಗೆ ಹೋಗಬೇಕಿತ್ತು.

ಇಂಥ ವಿಷಯವನ್ನು ಧೈರ್ಯಸ್ಥರ ಕೈಗೆ ಕೊಟ್ಟಿದ್ದರೆ ಅವರು ಲೆಕ್ಕ ಮಾಡಿ ಮುಗಿಸಿ ಮಲಗುತ್ತಿದ್ದರು. ನಾನೋ ಹುಟ್ಟಾ ಪುಕ್ಕಲ. ಮನೆಗೆ ಬೀಗ ಹಾಕಿ ಓಣಿಯ ತುದಿ ಮುಟ್ಟಿದ ಮೇಲೆ ವಾಪಸ್ಸು ಬಂದು ಬೀಗ ಎಳೆದು ನೋಡದಿದ್ದರೆ ನನಗೆ ಮುಂದಿನ ಹೆಜ್ಜೆ ಬರುವುದಿಲ್ಲ. "ಇನ್ನೊಂದ್ಸಲ ಎಳದ್ರ ಕದಾನ ಕಿತ್ತು ಬರ್ತೈತಿ ನೋಡ್ರಿ" ಎಂದು ಶಾಂತಾ ಓಣಿಯ ತುದಿಯಿಂದಲೇ ಕೂಗುತ್ತಾಳೆ. ಬಸ್ಸಿನ ಮೇಲೆ ಟ್ರಂಕು ಏರಿಸಿದರೆ ಪ್ರತಿ ಸ್ಟಾಪಿನಲ್ಲೂ ಇಳಿದು ಕತ್ತು ಎತ್ತಿ ನೋಡುತ್ತೇನೆ. ಪರೀಕ್ಷೆಯ ಪೇಪರು ತಿದ್ದಿ ಕಟ್ಟು ಕಟ್ಟಿದ ಮೇಲೆ, ಒಳಗೆ ಯಾರಿಗೋ ಹಾಕಬೇಕಾದ ಅಂಕ ಹಾಕಲಿಲ್ಲವೇನೋ ಎಂದು ಕಟ್ಟು ಬಿಚ್ಚುತ್ತೇನೆ. ಈ ಸ್ವಭಾವ ಲೆಕ್ಕಕ್ಕೂ ಇಳಿಯಿತು. ಸಮೀಕರಣದಲ್ಲಿ, ಕೆಲಸ ತಡವಾದರೆ ಎಷ್ಟು ದಂಡ ಎಂದು ಒಂದು ಸಂಖ್ಯೆ ಹಾಕುವ ಜಾಗವಿರುತ್ತದೆ. ಉಳಿದವರು ಅಲ್ಲಿ ಸಾಧಾರಣ ಸಂಖ್ಯೆ ಬರೆಯುತ್ತಾರೆ. ನಾನು ಕಂಪ್ಯೂಟರೇ ಹೆದರಬೇಕು ಅಂಥದ್ದು ಬರೆದೆ. ತಡವಾಯಿತು ಎಂಬ ಶಬ್ದ ಕೇಳಿದರೆ ಅದು ಎದ್ದು ಓಡಬೇಕು, ಹಾಗೆ.

ಇಷ್ಟೂ ವಿಮಾನದ ಮಟ್ಟದಲ್ಲೇ ಉಳಿದಿದ್ದರೆ ಯಾರಿಗೂ ತೊಂದರೆಯಾಗುತ್ತಿರಲಿಲ್ಲ. ಅದನ್ನು ಭೂಮಿಗೆ ಇಳಿಸಿದವನು ನನ್ನ ಭಾವಮೈದ ಕೊಟ್ರೇಶ. ಶಾಂತಾಳ ತವರು ಹೂವಿನಹಡಗಲಿ. ಕೊಟ್ರೇಶ ಅಲ್ಲಿ ನಾಲ್ಕು ಬಸ್ಸು ಇಟ್ಟುಕೊಂಡಿದ್ದ. ತಾನು ಸ್ಟೇರಿಂಗು ಹಿಡಿದವನಲ್ಲ; ಬಸ್ಸಿನಲ್ಲಿ ಕೂತರೆ ವಾಂತಿಯಾಗುತ್ತದೆಂದು ಮೋಟಾರ್ ಸೈಕಲ್ಲಿನಲ್ಲೇ ಓಡಾಡುವ ಬಸ್ಸಿನ ಮಾಲೀಕ ಅವನು. ಆ ನಾಲ್ಕರಲ್ಲಿ ಅವನ ಜೀವ ಇದ್ದದ್ದು ಹೂವಿನ ಬಸ್ಸಿನಲ್ಲಿ. ಬೆಳಿಗ್ಗೆ ಹಡಗಲಿಯಿಂದ ಹೊರಟು ಹರಪನಹಳ್ಳಿಯ ಮೇಲೆ ದಾವಣಗೆರೆಗೆ ಹೋಗುವ ಮೊದಲ ಬಸ್ಸು ಅದು. ಒಳಗೆ ಜನ, ಮೇಲೆ ಮಲ್ಲಿಗೆಯ ಬುಟ್ಟಿ. ಸುತ್ತಲಿನ ಹೂವಿನ ತೋಟದವರು ಕತ್ತಲಿರುವಾಗಲೇ ಮೊಗ್ಗು ಬಿಡಿಸಿ, ಒದ್ದೆ ಬಟ್ಟೆ ಹೊದಿಸಿ ತಂದು ಏರಿಸುತ್ತಿದ್ದರು. ಮೊಗ್ಗು ಬಾಯಿ ಬಿಡುವುದರೊಳಗೆ ಪೇಟೆ ಮುಟ್ಟಬೇಕು. ಅರಳಿದ ಹೂವನ್ನು ಯಾವ ವ್ಯಾಪಾರಿಯೂ ಕೈಯಲ್ಲಿ ಹಿಡಿಯುವುದಿಲ್ಲ.

ಒಂದು ದಿನ ಸಂಜೆ ಅವನು ನಮ್ಮ ಮನೆಗೆ ಬಂದ. ಮುಖ ಸಣ್ಣದಾಗಿತ್ತು. ಶಾಂತಾ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾಡಿ ಮುಂದಿಟ್ಟರೂ ಅವನು ಕೈ ಹಾಕಲಿಲ್ಲ. "ಭಾವ, ಹೂವಿನ ಗಾಡಿ ಹೊಗಿ ಕಕ್ಕಾಕ ಹತ್ತೈತಿ. ಈ ಸಲ ಎಂಜಿನ್ ಇಳಿಸಲೇಬೇಕು. ಇಳಿಸಿದ್ರ ಗಾಡಿ ನಿಂತುಬಿಡ್ತೈತಿ. ಗಾಡಿ ನಿಂತ್ರ ಹೂವಿನೋರು ಆ ಟೆಂಪೋದೋನ ಕಡಿ ಹೊಕ್ಕಾರ" ಎಂದ. ಯಾವನೋ ಹೊಸಬ ಟೆಂಪೋ ತಂದುಕೊಂಡು ತೋಟ ತೋಟ ತಿರುಗುತ್ತಿದ್ದನಂತೆ, ಬುಟ್ಟಿಯನ್ನು ಬೇಲಿಯ ಹತ್ತಿರವೇ ಎತ್ತಿಕೊಳ್ಳುತ್ತೇನೆ ಎನ್ನುತ್ತಿದ್ದನಂತೆ. ಹೂವಿನ ಬುಟ್ಟಿ ಇಲ್ಲದಿದ್ದರೆ ಬರೀ ಜನರನ್ನು ನಂಬಿಕೊಂಡು ಆ ಹೊತ್ತಿನ ಬಸ್ಸು ಓಡಿಸುವುದು ಸಾಧ್ಯವಿರಲಿಲ್ಲ. ಆ ಬಸ್ಸು ಹೋದರೆ ಉಳಿದ ಮೂರೂ ಅದರ ಹಿಂದೆ ಹೋಗುತ್ತವೆ ಎಂದು ಅವನು ಹೇಳಲಿಲ್ಲ, ಶಾಂತಾಳ ಮುಖ ನೋಡಿದ. ಅವಳು ನನ್ನ ಮುಖ ನೋಡಿದಳು.

ಸಮಾಧಾನಕ್ಕೆ ಏನಾದರೂ ಹೇಳಬೇಕಲ್ಲ. "ವಿಮಾನದವರು ಹಿಂಗ ಮಾಡಾಂಗಿಲ್ಲ ನೋಡು" ಎಂದು ಶುರು ಮಾಡಿದೆ. ನಾಲ್ಕು ತಟ್ಟೆಗಳನ್ನು ದೂರ ದೂರ ಇಟ್ಟು ಇವು ರಿಪೇರಿ ಶಾಪು ಎಂದೆ. ಬಜ್ಜಿಗಳು ಎಂಜಿನ್ನು. ಒಂದು ಬಜ್ಜಿಯನ್ನು ಕೈಯಲ್ಲಿ ಹಿಡಿದು ಇದು ಸ್ಪೇರು ಎಂದು ತೋರಿಸಿದೆ. ಎಂಜಿನ್ನು ಹೋಗಿ ಶಾಪಿನಲ್ಲಿ ಕೂರಲಿ, ವಿಮಾನ ಯಾಕೆ ಕೂರಬೇಕು? ಬಜ್ಜಿಗಳು ತಟ್ಟೆಯಿಂದ ತಟ್ಟೆಗೆ ಹಾರಿದವು. ಕೊಟ್ರೇಶ ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಿದ್ದವನು ಸ್ಪೇರ್ ಎಂಜಿನ್ನನ್ನೇ ಎತ್ತಿ ಬಾಯಿಗೆ ಹಾಕಿಕೊಂಡ. "ಅಲ್ರೀ ಭಾವ, ವಿಮಾನಕ್ಕ ಆಗೋದು ನಮ್ಮ ಬಸ್ಸಿಗ್ಯಾಕ ಆಗಬಾರ್ದು? ಮೊನ್ನಿ ಒಂದು ಹಳೀ ಗಾಡಿ ಒಡದು ಗುಜರಿಗೆ ಹಾಕಾಕ ಅಂತ ತಗಂಡೀನಿ. ಅದರ ಎಂಜಿನ್ ಚಲೋ ಐತಿ" ಎಂದ. ನಾನು, ಅದು ಬೇರೆ ಇದು ಬೇರೆ, ಇದು ಬರೀ ಥಿಯರಿ ಎಂದು ತೊದಲಿದೆ. ಶಾಂತಾ ಒಳಗಿನಿಂದ ಇನ್ನಷ್ಟು ಬಜ್ಜಿ ತಂದು ತಮ್ಮನ ಮುಂದೆ ಹಾಕುತ್ತ, "ಮಾಡಿಕೊಡ್ತಾರ ತಗ. ಇಷ್ಟು ವರ್ಷ ವಿಮಾನದೋರಿಗೆ ಮಾಡ್ಯಾರ, ಮನಿಯೋರಿಗೆ ಮಾಡಾಂಗಿಲ್ಲೇನು?" ಎಂದಳು. ಆ ದನಿಯಲ್ಲಿ ಹೆಮ್ಮೆ ಇತ್ತು. ಮದುವೆಯಾದಾಗಿನಿಂದ ನನ್ನ ಗಣಿತದ ಬಗ್ಗೆ ಅವಳ ದನಿಯಲ್ಲಿ ಹೆಮ್ಮೆ ಕೇಳಿದ್ದು ಅದೇ ಮೊದಲು. ನಾನು ಒಪ್ಪಿದ್ದು ಆ ಹೆಮ್ಮೆಗಾಗಿ, ಹೂವಿಗಾಗಿ ಅಲ್ಲ.

ಒಪ್ಪಿದ ಕ್ಷಣದಿಂದ ನಿದ್ದೆ ಹೋಯಿತು. ಭಾನುವಾರಗಳಲ್ಲಿ ಕೊಟ್ರೇಶನ ಮೋಟಾರ್ ಸೈಕಲ್ಲಿನ ಹಿಂದೆ ಕೂತು ಸುತ್ತಲಿನ ಐದು ಊರಿನ ಶಾಪು ನೋಡಿ ಬಂದೆ. ನಮ್ಮ ಕೊಟ್ಟೂರಿನ ಮೇಸ್ತ್ರಿಗೆ ಕೈ ಚುರುಕು, ಆದರೆ ಬಾಯಿ ಅದಕ್ಕಿಂತ ಚುರುಕು. ಮಾತಾಡುವಾಗ ಕೈ ನಿಲ್ಲಿಸುತ್ತಿದ್ದ. ಹರಪನಹಳ್ಳಿಯಲ್ಲಿ ದಾವಣಗೆರೆ ಕಡೆಯ ಲಾರಿಗಳದೇ ಸಾಲು. ಹಗರಿಬೊಮ್ಮನಹಳ್ಳಿಯವನು ಮಗಳ ಮದುವೆ ಇಟ್ಟುಕೊಂಡಿದ್ದ. ಹಡಗಲಿಯಲ್ಲಿದ್ದದ್ದು ಚಿಕ್ಕ ಶಾಪು, ಎಂಜಿನ್ನು ಇಳಿಸಿ ಏರಿಸುವುದಕ್ಕೆ ಸರಿ, ಒಳಗಿನ ಕೆಲಸಕ್ಕಲ್ಲ. ಕೂಡ್ಲಿಗಿಯಲ್ಲಿ ಮಲ್ಲೇಶಪ್ಪ ಎಂಬ ಮೇಸ್ತ್ರಿಯ ಶಾಪಿತ್ತು. ಒಳ್ಳೆಯ ಕೆಲಸಗಾರ, ಶಾಪು ಮಾತ್ರ ಖಾಲಿ ಖಾಲಿ. ಎಲ್ಲವನ್ನೂ ಕಂಪ್ಯೂಟರಿಗೆ ತುಂಬಿದೆ. ಅದು ನನ್ನ ದಂಡದ ಸಂಖ್ಯೆಗೆ ಹೆದರಿ, ಎಲ್ಲಿ ಸರದಿ ಕಾಯಬೇಕಾಗಿಲ್ಲವೋ ಅಲ್ಲಿಗೆ ಓಡಿತು. ಕೂಡ್ಲಿಗಿ ಎಂದಿತು. ಇಷ್ಟು ಒಳ್ಳೆಯ ಮೇಸ್ತ್ರಿಯ ಶಾಪು ಯಾಕೆ ಖಾಲಿ ಇದೆ ಎಂದು ಅದೂ ಕೇಳಲಿಲ್ಲ, ಎಲ್ಲದಕ್ಕೂ ಹೆದರುವ ನಾನೂ ಕೇಳಲಿಲ್ಲ.

ಎಂಜಿನ್ನು ಬದಲಿಸುವ ಸರ್ಕಾರಿ ಕಾಗದಪತ್ರಗಳ ವ್ಯವಹಾರವನ್ನು ಕೊಟ್ರೇಶ ನೋಡಿಕೊಂಡ. ಅಮಾವಾಸ್ಯೆ ಕಳೆಯಲಿ ಎಂದು ಕಾದು, ಕಳೆದ ಮೇಲೆ ಹಡಗಲಿಯಲ್ಲಿ ಹೂವಿನ ಬಸ್ಸು ಮಧ್ಯಾಹ್ನ ದಾವಣಗೆರೆಯಿಂದ ಬಂದದ್ದೇ ಚೈನ್ ಪುಲ್ಲಿ ಕಟ್ಟಿ ಎಂಜಿನ್ನು ಇಳಿಸಿದರು. ಅದನ್ನು ಒಂದು ಬಾಡಿಗೆ ಗಾಡಿಗೆ ಹಾಕಿ ಕೂಡ್ಲಿಗಿಗೆ ಕಳಿಸಿದರು. ಹೊತ್ತು ಮುಳುಗುವುದರೊಳಗೆ ಸ್ಪೇರು ಏರಿ ಕೂತು ಗುರುಗುಟ್ಟಿತು. ಕೊಟ್ರೇಶ ಫೋನು ಮಾಡಿ, "ಭಾವ, ಗೆದ್ದಿರಿ ನೋಡ್ರಿ" ಎಂದ. ಶಾಂತಾ ಅಂದು ಹೋಳಿಗೆ ಮಾಡಿದಳು. ಹೋಳಿಗೆ ಗಂಟಲಲ್ಲಿ ಇಳಿಯುವಾಗಲೇ ನನಗೆ ಏನೋ ಮರೆತಿದ್ದೇನೆ ಅನ್ನಿಸುತ್ತಿತ್ತು. ಅದು ನನಗೆ ದಿನಾ ಅನ್ನಿಸುವುದಾದ್ದರಿಂದ ಅದಕ್ಕೆ ಬೆಲೆ ಕೊಡಲಿಲ್ಲ.

ಮರುದಿನ ಬೆಳಿಗ್ಗೆ ಹಲ್ಲುಜ್ಜುತ್ತಿರುವಾಗ ಫೋನು ಬಂತು. "ಭಾವ, ಗಾಡಿ ಐತಿ, ಎಂಜಿನ್ ಐತಿ, ಡೀಸೆಲ್ ಐತಿ, ಹೂವಿನ ಬುಟ್ಟಿ ಮ್ಯಾಲ ಏರ್ಯಾವ, ಕಂಡಕ್ಟ್ರು ಸೀಟಿ ಬಾಯಾಗ ಇಟ್ಕಂಡು ನಿಂತಾನ. ಡ್ರೈವರ್ ಇಲ್ಲ."

"ಈರಣ್ಣ ಎಲ್ಲಿ ಹೋಗ್ಯಾನ?" ಎಂದೆ. ಹೂವಿನ ಬಸ್ಸಿನ ಡ್ರೈವರು ಈರಣ್ಣ. ಒಂದು ದಿನವೂ ರಜೆ ಹಾಕದ ಮನುಷ್ಯ ಎಂದು ಕೇಳಿದ್ದೆ.

"ಎಂಜಿನ್ ಜೊತಿಗಿ ಕೂಡ್ಲಿಗಿಗೆ ಹೋಗ್ಯಾನ."

"ಅವನ್ಯಾಕ ಹೋದ?"

"ಅವನ್ಯಾಕ ಅಂದ್ರ? ಎಂಜಿನ್ ಬಿಚ್ಚತಾರಂದ್ರ ಡ್ರೈವರ್ ಪಕ್ಕದಾಗ ಕುಂದ್ರಬೇಕಲ್ರೀ. ಕಟ್ಟಿ ಮುಗಿಸೋತನ ಏಳಾಂಗಿಲ್ಲ. ಎಲ್ಲಾ ಡ್ರೈವರ್‌ಗಳೂ ಹಂಗ ಮಾಡೋದು. ನಿಮ್ಮ ಲೆಕ್ಕದಾಗ ಅದು ಇರ್ತೈತಿ ಅಂತ ಮಾಡಿದ್ದೆ."

ನನ್ನ ಲೆಕ್ಕದಲ್ಲಿ ಅದು ಇರಲಿಲ್ಲ. ನನ್ನ ಲೆಕ್ಕದಲ್ಲಿ ಡ್ರೈವರು ಬಸ್ಸಿನವನು. ಇವರ ಲೆಕ್ಕದಲ್ಲಿ ಡ್ರೈವರು ಎಂಜಿನ್ನಿನವನು. ಇಷ್ಟು ವರ್ಷ ಎಂಜಿನ್ನು ಶಾಪಿಗೆ ಹೋದರೆ ಬಸ್ಸೂ ಅಲ್ಲೇ ನಿಂತಿರುತ್ತಿತ್ತು, ಡ್ರೈವರೂ ಅಲ್ಲೇ ಕೂತಿರುತ್ತಿದ್ದ, ಆದ್ದರಿಂದ ಇವೆರಡೂ ಬೇರೆ ಬೇರೆ ಎಂದು ಯಾರಿಗೂ ಹೊಳೆದಿರಲಿಲ್ಲ. ಬಸ್ಸನ್ನೂ ಎಂಜಿನ್ನನ್ನೂ ಬೇರೆ ಮಾಡಿದ್ದು ನಾನೇ. ಉಳಿದ ಮೂವರು ಡ್ರೈವರುಗಳು ಆಗಲೇ ತಮ್ಮ ತಮ್ಮ ಬಸ್ಸು ಹೊಡೆದುಕೊಂಡು ಬೇರೆ ಬೇರೆ ಊರಿಗೆ ಹೋಗಿಯಾಗಿತ್ತು. ಬದಲಿ ಡ್ರೈವರು ಯಾರೂ ಸಿಗದೆ ಕೊಟ್ರೇಶ ಹಡಗಲಿಯ ಓಣಿ ಓಣಿ ತಿರುಗುವುದರೊಳಗೆ ಬಿಸಿಲೇರಿತು. ಬಸ್ಸಿನ ಮೇಲೆ, ಒದ್ದೆ ಬಟ್ಟೆಯ ಕೆಳಗೆ, ಮಲ್ಲಿಗೆ ನಿಧಾನವಾಗಿ ಅರಳಿತು.

ಕೊಟ್ರೇಶ ಮತ್ತೆ ಫೋನು ಮಾಡಿದಾಗ ಅವನ ಹಿಂದೆ ಹೂವಿನವರ ಗದ್ದಲ ಕೇಳುತ್ತಿತ್ತು. ಅವರಲ್ಲಿ ನಿಂಗವ್ವ ಎಂಬ ಮುದುಕಿ, ಎಲ್ಲರಿಗಿಂತ ಮೊದಲು ಬುಟ್ಟಿ ತಂದು ಇಡುವವಳು, ಅವನ ಕೈಯಿಂದ ಫೋನು ಕಸಿದುಕೊಂಡಳು. "ಯಪ್ಪಾ, ಲೆಕ್ಕ ಹಾಕಿದೋನು ನೀನಂತಲ್ಲ? ಹೋದ ಹೂವು ಹೋತು, ಅದನ್ನೇನು ಕೇಳಾಂಗಿಲ್ಲ. ನಾಳಿ ಮತ್ತ ಮೊಗ್ಗು ಬಿಡಸ್ತೀವಿ. ನಾಳಿ ನಿಮ್ಮ ಗಾಡಿ ಹೊಂಡದಿದ್ರ ಟೆಂಪೋಕ್ಕ ಹಾಕ್ತೀವಿ. ಆಮ್ಯಾಲ ನೀನು ಬಂಗಾರದ ಗಾಡಿ ತಂದ್ರೂ ತಿರುಗಿ ನೋಡಾಂಗಿಲ್ಲ" ಎಂದಳು. ಬೈದಿದ್ದರೆ ಚೆನ್ನಾಗಿತ್ತು. ಬೈಯದೆ ಹೇಳಿದ್ದರಿಂದ ನನಗೆ ಅಳು ಬರುವಂತಾಯಿತು. ಒಬ್ಬ ಮುದುಕಿ ಕತ್ತಲಲ್ಲಿ ಎದ್ದು ಬಗ್ಗಿ ಬಗ್ಗಿ ಬಿಡಿಸಿದ ಮೊಗ್ಗುಗಳನ್ನು ನಾನು ಕೊಟ್ಟೂರಿನಲ್ಲಿ ಕೂತು ಅರಳಿಸಿಬಿಟ್ಟಿದ್ದೆ.

ಆ ಹೂವು ಅಲ್ಲಿಗೇ ಮುಗಿಯಲಿಲ್ಲ. ಪೇಟೆಗೆ ಹೋಗದ ಹೂವನ್ನು ಏನು ಮಾಡುವುದೆಂದು ತಿಳಿಯದೆ ಕೊಟ್ರೇಶ ಅಲ್ಲಿದ್ದವರಿಗೆಲ್ಲ ಹಂಚಿ, ಅಕ್ಕನಿಗೆ ಇರಲಿ ಎಂದು ಒಂದು ತುಂಬಿದ ಬುಟ್ಟಿಯನ್ನು ಕೊಟ್ಟೂರಿನ ಬಸ್ಸಿಗೆ ಹಾಕಿದ. ನಾನು ಈರಣ್ಣನನ್ನು ಎಬ್ಬಿಸಿ ಕಳಿಸಲು ಕೂಡ್ಲಿಗಿಗೆ ಹೋಗಲೆಂದು ಕಾಲೇಜಿಗೆ ಓಡಿ, ರಜೆ ಚೀಟಿ ಬರೆದುಕೊಟ್ಟು ಮನೆಗೆ ಬಂದರೆ ಮನೆ ಮದುವೆ ಮನೆಯಂತೆ ಘಮಘಮಿಸುತ್ತಿತ್ತು. ದೇವರ ಮನೆ, ಬಾಗಿಲು, ಕ್ಯಾಲೆಂಡರು, ರೇಡಿಯೋ, ಎಲ್ಲಕ್ಕೂ ಮಲ್ಲಿಗೆ. ಶಾಂತಾ ಇನ್ನೂ ಕಟ್ಟುತ್ತಲೇ ಕೂತಿದ್ದಳು. ಪಕ್ಕದ ಮನೆಯಾಕೆ ಬಂದು, "ಏನ್ರೀ ವಿಶೇಷ? ಇಷ್ಟೊಂದು ಹೂವು?" ಎಂದು ಕೇಳಿದಳು. "ಏನಿಲ್ರಿ. ನಮ್ಮನಿಯೋರ ಲೆಕ್ಕದ ಹೂವು" ಎಂದು ಶಾಂತಾ ಅವಳಿಗೂ ಒಂದು ಮೊಳ ಕೊಟ್ಟಳು. ಮಲ್ಲಿಗೆಯ ವಾಸನೆಗೆ ಹೆದರಿ ಮನೆಯಿಂದ ಓಡಿಹೋದ ಗಂಡಸು ಕೊಟ್ಟೂರಿನಲ್ಲಿ ನಾನೊಬ್ಬನೇ ಇರಬೇಕು.

ಕೂಡ್ಲಿಗಿಗೆ ಹೋಗುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಡ್ರೈವರಿಗೆ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡೆ. ಮಲ್ಲೇಶಪ್ಪನ ಶಾಪಿಗೆ ಹೋಗಿ ನೋಡಿದರೆ ಈರಣ್ಣ ನೆಲದ ಮೇಲೆ ಗೋಣಿಚೀಲ ಹಾಸಿಕೊಂಡು, ಬಿಚ್ಚಿದ ಎಂಜಿನ್ನಿನ ಮೇಲೆ ಒಂದು ಕಾಲು ಇಟ್ಟುಕೊಂಡು, ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. "ನಿನ್ನಿಯಿಂದ ಹಿಂಗ ಕಾಯಾಕ ಹತ್ಯಾನ್ರಿ" ಎಂದ ಮಲ್ಲೇಶಪ್ಪ, ಸೀಮೆಎಣ್ಣೆಯಲ್ಲಿ ಏನನ್ನೋ ತೊಳೆಯುತ್ತ. ನಾನು ಈರಣ್ಣನ ಭುಜ ಅಲುಗಿಸಿದೆ. ಅವನು ಎದ್ದ ಕೂಡಲೇ ಮೊದಲು ಎಂಜಿನ್ನು ಮುಟ್ಟಿ ನೋಡಿ, ಆಮೇಲೆ ನನ್ನನ್ನು ನೋಡಿದ.

"ಓ, ಧಣೇರ ಭಾವಾರು. ನೀವ್ಯಾಕ ಬರಾಕ ಹೋದ್ರಿ ಸರ?"

"ಹೂವಿನ ಗಾಡಿ ನಿಂತೈತಪ್ಪ. ನೀನು ಈಗಿಂದೀಗ ಹಡಗಲಿಗೆ ಹೊಂಡು."

"ಆ ಗಾಡ್ಯಾಗಿನ ಎಂಜಿನ್ ಯಾರದೋ ಏನೋ ಸರ. ನನ್ನ ಎಂಜಿನ್ ಇಲ್ಲೈತಿ. ಬಾಯಿ ಬಿಚ್ಚಿ ಕುಂತೈತಿ. ನಾ ಎದ್ದು ಹ್ವಾದೆ ಅಂದ್ರ, ನಾಳಿ ಕಟ್ಟಿದ ಮ್ಯಾಲ ಇದು ನಂದ ಅಂತ ಹೆಂಗ ಹೇಳ್ಲಿ?"

ಹಿಂದೊಮ್ಮೆ ಹರಪನಹಳ್ಳಿಯ ಕಡೆ ಯಾವುದೋ ಶಾಪಿನಲ್ಲಿ ಎಂಜಿನ್ನು ಬಿಚ್ಚಿದಾಗ ಅವನು ಚಹಾ ಕುಡಿಯಲು ಹೋಗಿದ್ದನಂತೆ. ಬರುವುದರೊಳಗೆ ತನ್ನ ಪಿಸ್ಟನ್ನು ಯಾರದೋ ಗಾಡಿಗೆ ಹೋಗಿ, ಯಾರದೋ ಪಿಸ್ಟನ್ನು ತನ್ನ ಗಾಡಿಗೆ ಬಂದಿತ್ತು ಎಂಬುದು ಅವನ ನಂಬಿಕೆ. ಆಮೇಲೆ ಎಂಜಿನ್ನಿನ ದನಿಯೇ ಬೇರೆಯಾಯಿತಂತೆ. "ಅದೆಲ್ಲಾ ಇವನ ಭ್ರಮಿ" ಎಂದ ಮಲ್ಲೇಶಪ್ಪ. ನಿಜವೋ ಭ್ರಮೆಯೋ ನನಗೆ ಇವತ್ತಿಗೂ ತಿಳಿಯದು. ನಾನು ನಿಂಗವ್ವನ ಮಾತು ಹೇಳಿದೆ, ಟೆಂಪೋದವನ ಕಥೆ ಹೇಳಿದೆ, ಬಸ್ಸು ಹೋದರೆ ಎಂಜಿನ್ನು ಇಟ್ಟುಕೊಂಡು ಏನು ಮಾಡುತ್ತೀ ಎಂದೆ. ಮಲ್ಲೇಶಪ್ಪ ಪಾಪ ಎಣ್ಣೆಗೈಯಲ್ಲೇ ಮನೆದೇವರ ಆಣೆ ಮಾಡಿದ. ಈರಣ್ಣನ ಮುಖದಲ್ಲಿ ನಿಜವಾದ ಸಂಕಟ ಕಂಡಿತು. ಹೂವಿನವರೆಲ್ಲ ಅವನಿಗೆ ಪರಿಚಯದವರೇ. ನಿಂಗವ್ವನ ಬುಟ್ಟಿಯನ್ನು ದಿನಾ ಮೇಲೆ ಏರಿಸುತ್ತಿದ್ದವನು ಅವನೇ. ಆದರೂ ಏಳಲು ಅವನಿಂದ ಆಗುತ್ತಿರಲಿಲ್ಲ.

"ಹಂಗಾರ ಒಂದು ಮಾತು ಸರ" ಎಂದ ಕೊನೆಗೆ. "ನೀವು ಕುಂದರ್ತೀರೇನು?"

"ನಾನಾ?"

"ಹೂನ್ರಿ. ಧಣೇರ ಮನಿಯೋರು, ಮ್ಯಾಲ ಓದಿದೋರು. ನೀವು ಕುಂತ್ರ ನಾ ಕುಂತಂಗ. ಏನೂ ಮಾಡಾದಿಲ್ಲ ಸರ, ಬರೇ ಮನ್ಷ್ಯಾ ಇರಬೇಕು, ಅಷ್ಟೆ. ಚಾ ಬೇಕಾದ್ರ ಇಲ್ಲಿಗೇ ತರಿಸಿಕ್ಯಳ್ರಿ. ಹೋಗಬ್ಯಾಡ್ರಿ."

ಹೀಗೆ, ವಿಮಾನದ ಎಂಜಿನ್ನುಗಳನ್ನು ಊರೂರಿನ ಶಾಪುಗಳಿಗೆ ಹಂಚುತ್ತಿದ್ದ ನಾನು ಕೂಡ್ಲಿಗಿಯಲ್ಲಿ ಒಂದು ಹಳೆಯ ಬಸ್ಸಿನ ಎಂಜಿನ್ನಿನ ಪಕ್ಕದಲ್ಲಿ ಕೂತೆ. ಕೂತ ಮೇಲೆ ಆ ಶಾಪು ಯಾಕೆ ಖಾಲಿ ಇತ್ತು ಎಂಬುದು ಗೊತ್ತಾಯಿತು. ಅಲ್ಲಿ ಕೂರಲು ಜಾಗವೇ ಇರಲಿಲ್ಲ. ಉಳಿದ ಊರುಗಳ ಶಾಪುಗಳಲ್ಲಿ ಡ್ರೈವರುಗಳಿಗೆಂದು ಬೆಂಚೋ, ಹಳೆಯ ಬಸ್ಸಿನ ಸೀಟೋ, ಏನಾದರೊಂದು ನೆರಳಿನಲ್ಲಿ ಇರುತ್ತಿತ್ತು. ಮಲ್ಲೇಶಪ್ಪನಿಗೆ ತಾನು ಕೆಲಸ ಮಾಡುವಾಗ ಯಾರಾದರೂ ನೋಡುತ್ತ ಕೂರುವುದು ಇಷ್ಟವಿಲ್ಲ, ಆದ್ದರಿಂದ ಬೆಂಚು ಹಾಕಿಸಿರಲಿಲ್ಲ, ಡ್ರೈವರುಗಳು ಅಲ್ಲಿಗೆ ಬರುತ್ತಿರಲಿಲ್ಲ. ನನ್ನ ಕಂಪ್ಯೂಟರು ಖಾಲಿ ಜಾಗ ಎಂದುಕೊಂಡದ್ದು ಬೆಂಚಿಲ್ಲದ ಜಾಗವನ್ನು. ನಾನು ಒಂದು ಕಲ್ಲಿನ ಮೇಲೆ ಈರಣ್ಣನ ಗೋಣಿಚೀಲ ಮಡಚಿ ಹಾಕಿಕೊಂಡೆ.

ಈರಣ್ಣನಿಗೆ ಕೂರುವುದೆಂದರೆ ಮಲಗುವುದು. ನನಗೆ ಅದು ಸಾಧ್ಯವೇ? ಅಲ್ಲೇ ಪಕ್ಕದಲ್ಲಿ, ಡ್ರೈವರು ಕೆಲಸ ಬಿಟ್ಟುಹೋದ ಯಾವುದೋ ಲಾರಿಯ ಎಂಜಿನ್ನು, ಅದೇ ಕಂಪನಿಯದು, ಬಿಚ್ಚಿ ಬಿದ್ದಿತ್ತು. ಎರಡು ತಟ್ಟೆಗಳಲ್ಲಿ ಎರಡು ಎಂಜಿನ್ನಿನ ಪಿಸ್ಟನ್ನುಗಳು, ಒಂದೇ ಬಣ್ಣ, ಒಂದೇ ಮಸಿ. ಮಲ್ಲೇಶಪ್ಪನ ಕೈ ಈ ತಟ್ಟೆಯ ಕಡೆಗೆ ಬಂದಾಗಲೆಲ್ಲ ನಾನು ನಮ್ಮ ಪಿಸ್ಟನ್ನುಗಳನ್ನು ಮತ್ತೆ ಎಣಿಸುತ್ತಿದ್ದೆ. ಸೀನು ಬಂದರೆ ತಡೆದುಕೊಂಡೆ, ಕಣ್ಣು ಮುಚ್ಚುತ್ತದಲ್ಲ. ಆ ಮನುಷ್ಯನ ಮೇಲೆ ನನಗೆ ಅನುಮಾನವಿರಲಿಲ್ಲ. ಅನುಮಾನವಿಲ್ಲದಿದ್ದರೂ ಏಳಲು ಮಾತ್ರ ಆಗುತ್ತಿರಲಿಲ್ಲ. ಕೊನೆಗೆ ಜೇಬಿನಲ್ಲಿ ಸದಾ ಇರುವ ಸೀಮೆಸುಣ್ಣದ ತುಂಡು ತೆಗೆದು, ಅವನು ಆಚೆ ತಿರುಗಿದಾಗ ನಮ್ಮ ಪಿಸ್ಟನ್ನುಗಳ ಮೇಲೆ ಸಣ್ಣದಾಗಿ ಗುರುತು ಹಾಕತೊಡಗಿದೆ. ಅವನು ನೋಡಿಬಿಟ್ಟ. "ಸರ, ಸೀಮಿಸುಣ್ಣ ಒಳಗ ಹ್ವಾದ್ರ ಈ ಎಂಜಿನ್ ಮತ್ತ ನನ್ನ ಹತ್ರಾನ ಬರ್ತೈತಿ. ಆವಾಗ ಮತ್ತ ನೀವ ಬಂದು ಕುಂದ್ರಬೇಕು" ಎಂದು ಬಟ್ಟೆ ತೆಗೆದುಕೊಂಡು ಒರೆಸಿದ. ಸ್ವಲ್ಪ ಹೊತ್ತಾದ ಮೇಲೆ, "ಈರಣ್ಣ ಚಲೋ ಇದ್ದ. ಮಲಗ್ತಿದ್ದ" ಎಂದು ತನ್ನಷ್ಟಕ್ಕೆ ಹೇಳಿಕೊಂಡ.

ಸಂಜೆ ಶಾಪು ಮುಚ್ಚಿದಾಗ ಅವನು ಹಾಕಿದ ಬೀಗವನ್ನು ನಾನು ಎಳೆದು ನೋಡಿದೆ. ಅಲ್ಲೇ ಹತ್ತಿರದ ನೆಂಟರ ಮನೆಯಲ್ಲಿ ಮಲಗಿ, ಬೆಳಿಗ್ಗೆ ಅವನು ಬರುವ ಮೊದಲೇ ಹೋಗಿ ಬೀಗದ ಮುಂದೆ ನಿಂತಿದ್ದೆ. ಆದರೆ ಅಂದು ಬೆಳಿಗ್ಗೆ ನನ್ನ ಮನಸ್ಸೆಲ್ಲ ಹಡಗಲಿಯಲ್ಲಿತ್ತು. ಈರಣ್ಣ ಹೋಗಿ ಮುಟ್ಟಿದನೋ ಇಲ್ಲವೋ? ದಾರಿಯಲ್ಲಿ ಎಂಜಿನ್ನಿನ ನೆನಪಾಗಿ ತಿರುಗಿ ಬಂದುಬಿಟ್ಟರೆ? ರಸ್ತೆಯ ಆಚೆ ಬದಿಗೆ ಎಸ್‌ಟಿಡಿ ಬೂತಿತ್ತು. ಬಾಗಿಲು ತೆರೆದಿಟ್ಟುಕೊಂಡು, ಮುಖ ಶಾಪಿನ ಕಡೆಗೇ ಇಟ್ಟುಕೊಂಡು, ಕೈಯನ್ನು ಹಿಂದಕ್ಕೆ ಚಾಚಿ ನಂಬರು ಒತ್ತಿದೆ. ಎರಡು ಸಲ ಯಾರ ಮನೆಗೋ ಹೋಯಿತು. ಮೂರನೆಯ ಸಲ ಕೊಟ್ರೇಶ ಎತ್ತಿದ.

"ಹೋತು ಭಾವ! ಗಾಡಿ ಹೋತು! ಎಲ್ಲಾ ಬುಟ್ಟಿನೂ ಏರಿದ್ವು. ನಿಂಗವ್ವ ಈರಣ್ಣನ್ನ ಬೈದಂಗ ಬೈದು ಅವನ ಸ್ಟೇರಿಂಗಿಗೆ ಹೂವು ಹಾಕ್ಯಾಳ."

ನಾನು ಫೋನು ಇಟ್ಟು ರಸ್ತೆ ದಾಟಿ ಬಂದು ಕಲ್ಲಿನ ಮೇಲೆ ಕೂತೆ. ಕಣ್ಣಲ್ಲಿ ನೀರು ಬಂತು. ನಾಚಿಕೆಯಿಂದ, ಸೀಮೆಎಣ್ಣೆಯ ಘಾಟು ಎಂದು ಮಲ್ಲೇಶಪ್ಪನಿಗೆ ಹೇಳಿದೆ. ಎಂಜಿನ್ನು ಕಟ್ಟಿ ಮುಗಿಯುವವರೆಗೂ ಅಲ್ಲೇ ಕೂತಿದ್ದೆ. ಟೆಂಪೋದವನು ಹಡಗಲಿ ಬಿಟ್ಟು ಬೇರೆ ಕಡೆ ಹೋದನಂತೆ. ಎಂಜಿನ್ನು ಸಿದ್ಧವಾದ ದಿನ ಈರಣ್ಣ ದಾವಣಗೆರೆಯಿಂದ ಬಂದವನೇ ನೆಟ್ಟಗೆ ಕೂಡ್ಲಿಗಿಗೆ ಬಂದು, ಅದನ್ನು ಶುರು ಮಾಡಿಸಿ, ತಲೆ ಓರೆ ಮಾಡಿ ಬಹಳ ಹೊತ್ತು ಕೇಳಿದ. ನಾನೂ ಅವನ ಹಾಗೆಯೇ ತಲೆ ಓರೆ ಮಾಡಿ ನಿಂತೆ. "ನಂದ ಐತಿ ಸರ" ಎಂದ ಈರಣ್ಣ. ಯಾವ ಪರೀಕ್ಷೆ ಪಾಸಾದಾಗಲೂ ನನಗೆ ಅಷ್ಟು ಸಮಾಧಾನವಾಗಿರಲಿಲ್ಲ.

ಮನೆಗೆ ಬಂದ ಮೇಲೆ ನನ್ನ ಎಂ.ಫಿಲ್ ಪ್ರಬಂಧಕ್ಕೆ ಒಂದು ಹೊಸ ಅಧ್ಯಾಯ ಸೇರಿಸಿದೆ. ಎಂಜಿನ್ನಿನ ಪಕ್ಕದಲ್ಲಿ ಒಬ್ಬ ಮನುಷ್ಯ ಕೂರಲೇಬೇಕಾದಾಗ ಏರ್ಪಾಡು ಹೇಗೆ ಬದಲಾಗುತ್ತದೆ ಎಂಬುದು ಅದರ ವಿಷಯ. ವಿಮಾನಕ್ಕೆ ಇದು ಬೇಕೋ ಬೇಡವೋ ಗೊತ್ತಿರಲಿಲ್ಲ. ಆದರೆ ಇಡೀ ಪ್ರಬಂಧದಲ್ಲಿ ನಾನು ಕಣ್ಣಾರೆ ಕಂಡದ್ದು ಅದೊಂದೇ. ಟೈಪು ಮಾಡಿಸಿ, ಬೈಂಡು ಮಾಡಿಸಿ, ಗೈಡ್ ಹತ್ತಿರ ತೆಗೆದುಕೊಂಡು ಹೋದೆ. ಕ್ಲಾಸಿಗೆ ಏನೂ ತೊಂದರೆಯಿಲ್ಲ, ಇವತ್ತೇ ತಿರುಗಿ ಬರುತ್ತೇನೆ ಎಂದು ಪ್ರಿನ್ಸಿಪಾಲರಿಗೆ ಹೇಳಿದ್ದೆ.

ಗೈಡರ ಮೇಜಿನ ಮೇಲೆ ಬೇರೆ ವಿದ್ಯಾರ್ಥಿಗಳ ಪ್ರಬಂಧಗಳು ಬಿಚ್ಚಿ ಬಿದ್ದಿದ್ದವು. ಒಂದೇ ಬಣ್ಣದ ರಟ್ಟು, ಒಂದೇ ಅಳತೆ. ಅವರು ನನ್ನದರ ದಾರ ಬಿಚ್ಚಿ, ಕೆಂಪು ಪೆನ್ನು ಕೈಗೆ ತೆಗೆದುಕೊಂಡು, "ಬಿಟ್ಟು ಹೋಗಿ. ನಿಧಾನವಾಗಿ ನೋಡಿ ಕಾಗದ ಬರೆಯುತ್ತೇನೆ" ಎಂದರು.

"ಪರವಾಗಿಲ್ಲ ಸರ್" ಎಂದೆ. "ನಾನು ಇಲ್ಲೇ ಹೊರಗೆ ಕೂತಿರುತ್ತೇನೆ."

"ಬಹಳ ದಿನ ಹಿಡಿಯುತ್ತಲ್ಲರೀ?"

"ಹಿಡಿಯಲಿ ಸರ್."

ಹೊರಗೆ ಬೆಂಚಿರಲಿಲ್ಲ. ಮೆಟ್ಟಿಲ ಮೇಲೆ ಕರವಸ್ತ್ರ ಹಾಸಿಕೊಂಡು, ಅವರ ಮೇಜು ಕಾಣುವಂತೆ ಓರೆಯಾಗಿ ಕೂತೆ. ಒಳಗೆ ಹಾಳೆ ತಿರುವಿದ ಸದ್ದಾದಾಗಲೆಲ್ಲ ಕತ್ತು ಚಾಚಿದೆ. ಮಧ್ಯಾಹ್ನ ಜವಾನ ಬಂದು ಎದುರಿಗೆ ಒಳ್ಳೆಯ ಹೋಟೆಲಿದೆ ಎಂದ. ಇಲ್ಲಿಗೇ ತರಿಸಿಕೊಳ್ಳುತ್ತೇನೆ ಎಂದೆ. ಮರುದಿನವೂ ಕೂತೆ. ಆ ಹೊತ್ತಿಗೆ ಕೊಟ್ಟೂರಿನಲ್ಲಿ ಗಂಟೆ ಹೊಡೆದಿತ್ತು, ಬೋರ್ಡು ಒರೆಸಿಟ್ಟಿದ್ದರು, ಸೀಮೆಸುಣ್ಣ ಇತ್ತು, ಹುಡುಗರು ಹುಡುಗಿಯರು ಪುಸ್ತಕ ತೆರೆದುಕೊಂಡು ಸಾಲಾಗಿ ಕೂತಿದ್ದರು. ಲೆಕ್ಚರರು ಇರಲಿಲ್ಲ.